ಸಿಡುಬಿನ ಪಾಠ, ಕುರ್ಲಾದ ಅಜ್ಜಿ

ಪುಸ್ತಕದಲ್ಲಿ ರೋಗ ಕಲಿತವರನ್ನು ನಿಜವಾದ ರೋಗದ ಎದುರು ನಿಲ್ಲಿಸಿದರೆ ನಗೆಪಾಟಲಾಗದ ದಿನವೇ ಇರುವುದಿಲ್ಲ. ಎಪ್ಪತ್ತರ ದಶಕದ ಆರಂಭ, ಮುಂಬಯಿಯಲ್ಲಿ ಸಿಡುಬಿನ ಗುಲ್ಲೆದ್ದಿತ್ತು. ನಾನಾಗ ನರ್ಸಿಂಗ್ ಎರಡನೇ ವರ್ಷ. ಕನ್ನಡ ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕುರ್ಲಾದ ಚಾಳುಗಳಿಗೆ ಲಸಿಕೆ ಹಾಕಲು ಕಳಿಸಿದರು; ಅಲ್ಲಿ ಗುಲ್ಬರ್ಗಾ, ವಿಜಾಪುರ ಕಡೆಯ ಕೂಲಿಯವರು ಬಹಳ. ಡ್ಯೂಟಿ ನೆಟ್ಟಗಾದರೆ ಪಾಸು, ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಬೆಂಚು.

ಮೊದಲು ನಿಮಗ

ಚಾಳೆಂದರೆ ಸಾಲು ಖೋಲಿಗಳು, ಕೋಣೆಗೊಂದು ಸಂಸಾರ. ಮೊದಲ ಖೋಲಿಯವನೇ ತೋಳು ಹಿಂದಕ್ಕೆಳೆದುಕೊಂಡ. "ಮೊದಲು ನೀವು ಚುಚ್ಚಿಕೊಳ್ರಿ, ಆಮ್ಯಾಲ ನಾವು." ಧೈರ್ಯ ತುಂಬಬೇಕಲ್ಲ, ಚುಚ್ಚಿಕೊಂಡೆ. ಪಕ್ಕದ ಖೋಲಿಯವಳು, "ನಾ ನೋಡೇ ಇಲ್ರಿ," ಎಂದಳು. ಅಲ್ಲಿಂದ ಮುಂದೆ ಲಸಿಕೆಯಿಲ್ಲದ ಖಾಲಿ ಸೂಜಿ, ಆದರೆ ಖೋಲಿಗೊಮ್ಮೆ ನನಗೇ ಚುಚ್ಚಿಕೊಳ್ಳುವುದು ಮಾತ್ರ ತಪ್ಪಲಿಲ್ಲ. ಸಂಜೆಯ ಹೊತ್ತಿಗೆ ಮುಂಬಯಿಗೆಲ್ಲ ಸಿಡುಬು ಬಂದರೂ ನನ್ನ ಎಡತೋಳಿಗೆ ಮಾತ್ರ ಬರುವಂತಿರಲಿಲ್ಲ.

ಉಯಿಲು

ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿ ಸಿಡುಬಿನ ಪಾಠ ಓದಿ ಮುಗಿಸುವಷ್ಟರಲ್ಲಿ ಅವಳ ಕುತ್ತಿಗೆಯ ಮೇಲೆ ಕೆಂಪು ಗುಳ್ಳೆಗಳು ಎದ್ದಿದ್ದವು. ಅಳುತ್ತಲೇ ತನ್ನ ರೇಷ್ಮೆ ಸೀರೆಯನ್ನು ನನಗೆ ಬರೆದುಕೊಟ್ಟಳು. ಮೇಟ್ರನ್ ಬಂದು ನೋಡಿ, "ತಿಗಣೆ! ಹಾಸಿಗೆ ಬಿಸಿಲಿಗೆ ಹಾಕು," ಎಂದರು. ಗೆಳತಿ ಉಳಿದಳೆಂದು ಸಂತೋಷವಾಯಿತು. ಸೀರೆ ಹೋಯಿತೆಂದು ಸ್ವಲ್ಪ ಬೇಸರವೂ ಆಯಿತು, ಸುಳ್ಳು ಯಾಕೆ ಹೇಳಲಿ?

ಅಂಗೈ

ಕೊನೆಯ ದಿನ ಒಂದು ಖೋಲಿಯಲ್ಲಿ ಐದು ವರ್ಷದ ಹುಡುಗಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಮೈತುಂಬ ಗುಳ್ಳೆ. ಸಿಡುಬೆಂದಾದರೆ ಅವಳನ್ನು ಆಗಲೇ ದೂರದ ಆಸ್ಪತ್ರೆಗೆ ಒಯ್ದು ಬೇರೆ ಇಡಬೇಕು. "ನರ್ಸಬಾಯಿ, ಒಯ್ಯಬ್ಯಾಡ್ರಿ," ಎಂದು ತಾಯಿ ನನ್ನ ಕೈ ಹಿಡಿದುಕೊಂಡಳು. ಇದು ಸಿಡುಬೋ ಚಿಕನ್‌ಪಾಕ್ಸೋ? ಕ್ಲಾಸಿನಲ್ಲಿ ವ್ಯತ್ಯಾಸವನ್ನು ಗಿಳಿಪಾಠ ಒಪ್ಪಿಸಿದ್ದವಳಿಗೆ ಈಗ ಒಂದಕ್ಷರವೂ ನೆನಪಾಗಲಿಲ್ಲ.

ಹುಡುಗಿಯ ಅಜ್ಜಿ ಮೂಲೆಯಿಂದಲೇ ಕೇಳಿದಳು. ಅವಳ ಮುಖದ ತುಂಬ ಹಳೆಯ ಸಿಡುಬಿನ ಕಲೆ. "ಅಂಗೈ ನೋಡಿದೇನ ಯವ್ವಾ?"

ನೋಡಿದೆ. ಅಂಗೈ, ಅಂಗಾಲು ಎರಡೂ ಸ್ವಚ್ಛ.

"ನನ್ನ ಮಾರಿಗಿ ಬಂದದ್ದು ಇದಲ್ಲ. ಅದು ಬಂದ್ರ ಅಂಗೈನೂ ಬಿಡೂದಿಲ್ಲ."

ಮಗುವಿನ ಅಂಗೈ ಇನ್ನೂ ನನ್ನ ಕೈಯಲ್ಲಿರುವಾಗಲೇ ನಮ್ಮ ಡ್ಯೂಟಿಗೆ ಮಾರ್ಕು ಹಾಕುವ ಡಾಕ್ಟರು ಬಂದರು. ಮರಾಠಿಯವರು, ಕನ್ನಡ ಬಾರದು; ಮಾತೆಲ್ಲ ಹಿಂದಿಯಲ್ಲಿ. ಮಗುವನ್ನು ಪರೀಕ್ಷಿಸಿ, "ಬರೀ ಚಿಕನ್‌ಪಾಕ್ಸ್, ಮನೆಯಲ್ಲೇ ಇರಲಿ," ಎಂದರು. ತಾಯಿ ಅತ್ತಳು, ನಾನೂ ಅತ್ತೆ. "ಅಂಗೈ ಮೊದಲೇ ನೋಡಿದ್ದೀಯಾ? ಶಾಭಾಸ್! ಪಾಸೋ ನಪಾಸೋ ಇನ್ನು ನೋಡೋಣ," ಎಂದು ಡಾಕ್ಟರು ನನ್ನ ಬೆನ್ನು ತಟ್ಟಿದರು.

ಅಜ್ಜಿ ಅವರಿಗೆ ಕೈಮುಗಿದು ಹೇಳಿದಳು: "ಈ ಹುಡುಗಿಗಿ ಏನೂ ತಿಳಿಯಂಗಿಲ್ರಿ. ಆದ್ರ ಮನಸ್ಸು ಚಲೋ ಐತಿ, ನಪಾಸ ಮಾಡಬ್ಯಾಡ್ರಿ."

"ಏನಂತಾಳೆ?" ಎಂದು ಡಾಕ್ಟರು ಹಿಂದಿಯಲ್ಲಿ ನನ್ನನ್ನೇ ಕೇಳಿದರು.

ನಾನೂ ಹಿಂದಿಯಲ್ಲೇ, "ಹುಡುಗಿಗೆ ಎಲ್ಲ ತಿಳಿದಿದೆ, ಪಾಸು ಮಾಡಿ ಅಂತಾಳೆ ಸಾರ್," ಎಂದೆ.

ಮೂವತ್ತು ವರ್ಷದಿಂದ ಕುರ್ಲಾದಲ್ಲೇ ಇದ್ದ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಝೂಟ್ ಬೋಲ್ತೀ ಹೈ, ಡಾಕ್ಟರ್ ಸಾಬ್! ಫಿರ್ ಭೀ ಪಾಸ್ ಕರೋ!"