ನ್ಯೂ ಅಡ್ಮಿಷನ್ ಮೊಮ್ಮಗಳು

ಜನ ಚಪ್ಪಲಿ ಬದಲಾಯ್ಸೋಕೆ ಅದು ಸವೆಯೋವರ್ಗಾದ್ರೂ ಕಾಯ್ತಾರೆ. ಮಕ್ಕಳ ಸ್ಕೂಲ್ ಬದಲಾಯ್ಸೋಕೆ ಅಷ್ಟೂ ಕಾಯಲ್ಲ. ಮೇ ತಿಂಗ್ಳು ಬಂತೂಂದ್ರೆ ನಮ್ ದಾಸರಹಳ್ಳೀಲಿ ಮನೆಮನೇಲೂ ಇದೇ ಪುರಾಣ. ಅದ್ರಲ್ಲಿ ನನ್ ಮಗ ಚಾಂಪಿಯನ್ನು. ನಾನು ಓದಿದ್ದು ನಾಕನೇ ಕ್ಲಾಸು, ಒಂದೇ ಸ್ಕೂಲು, ಒಬ್ರೇ ಮೇಷ್ಟ್ರು. ಆದ್ರೂ ಪೀಣ್ಯದ ಫ್ಯಾಕ್ಟ್ರೀಲಿ ಲೇತ್ ಮಿಷನ್ ಮುಂದೆ ನಾನು ನಿಂತ್ರೆ ಇಂಜಿನಿಯರ್‌ಗಳು ಕೈಕಟ್ಕೊಂಡು ನೋಡೋರು. ಅವ್ರಿಗೆ ಬೇರೆ ಕೆಲ್ಸ ಇರ್ಲಿಲ್ಲ ಅಂತಾಳೆ ನನ್ನೆಂಡ್ತಿ. ಅವಳಿಗೇನ್ ಗೊತ್ತು.

ಸೆಂಟ್ರಲ್ಲು

ಮೊಮ್ಮಗಳು ಏಳನೇ ಕ್ಲಾಸ್‌ವರ್ಗೂ ಪಕ್ಕದ್ ಬೀದಿ ಸ್ಕೂಲಲ್ಲಿ ಚೆನ್ನಾಗೇ ಇದ್ಲು. ಅದೇ ತಪ್ಪಾಗಿದ್ದು. ಮೇಲ್ಗಡೆ ಮನೆಯವ್ರ ಮಗ ‘ಸೆಂಟ್ರಲ್ ಸಿಲಬಸ್’ಗೆ ಸೇರ್ದ. ಮಾರನೇ ದಿನಾನೇ ನನ್ ಮಗನಿಗೆ ಹೊಟ್ಟೆಉರಿ ಶುರು. ಎಂಟನೇ ಕ್ಲಾಸಿಗೆ ಇವಳನ್ನೂ ಅಲ್ಲಿಗೇ ತಳ್ದ.

ನೋಡ್ಕೊಂಡು ಬರೋಣ ಅಂತ ಮಗನ ಜೊತೆ ಹೋದೆ. ಒಂದ್ ಕಡೆ ಪಂಚರ್ ಅಂಗಡಿ, ಇನ್ನೊಂದ್ ಕಡೆ ಗುಜರಿ, ಮುಂದ್ಗಡೆ ಗಬ್ಬೆದ್ದ ಮೋರಿ.

“ಇದ್ಯಾವ ಸೀಮೆ ಸೆಂಟ್ರಲ್ಲೋ? ಊರಾಚೆ ಐತಲ್ಲೋ!” ಅಂದೆ.

“ಅಪ್ಪಾ, ಸೆಂಟ್ರಲ್ ಅಂದ್ರೆ ಡೆಲ್ಲೀದು.”

“ಓಹೋ. ಹಂಗಾದ್ರೆ ಈ ಮೋರಿ ವಾಸ್ನೆ ಡೆಲ್ಲೀವರ್ಗೂ ಹೋಗ್ತದಾ?”

ಗಚ್ಛಾಮಿ

ಡೆಲ್ಲಿ ಸಿಲಬಸ್ಸಲ್ಲಿ ಮಾರ್ಕ್ಸ್ ಬೀಳ್ಲಿಲ್ಲ. ಯಾರೋ ಮಗನ ಕಿವಿಗೆ ಊದುದ್ರು: ಸ್ಟೇಟ್ ಸಿಲಬಸ್ಸಲ್ಲಿ ಸಂಸ್ಕೃತ ತಗೊಂಡ್ರೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು. ಸರಿ, ಒಂಬತ್ನೇ ಕ್ಲಾಸಿಗೆ ಮೂರನೇ ಸ್ಕೂಲು. ಮಗಳ ಜೊತೆ ಕನ್ನಡದಲ್ಲಿ ಮಾತಾಡೋಕೇ ಟೈಮಿಲ್ದೋನು ಸಂಸ್ಕೃತಕ್ಕೆ ಟ್ಯೂಷನ್ ಹಾಕ್ಸುದ.

ಹುಡ್ಗಿ ಮೆಟ್ಲ ಮೇಲೆ ಕೂತ್ಕೊಂಡು “ಗಚ್ಛಾಮಿ, ಗಚ್ಛಾಮಿ” ಅಂತ ಉರು ಹೊಡೀತಿದ್ಲು.

“ಹಂಗಂದ್ರೇನಮ್ಮಾ?”

“ಹೋಗ್ತೀನಿ ಅಂತ ತಾತ.”

“ಸರ್ಯಾಗ್ ಕಲ್ತ್ಕೋ. ನಿಮ್ಮಪ್ಪನ ಕೈಲಿ ಇರೋವರ್ಗೂ ಅದೊಂದೇ ಬೇಕಾಗೋದು.”

ನ್ಯೂ ಅಡ್ಮಿಷನ್

ಮೂರ್ ಸ್ಕೂಲ್ ಸುತ್ತಿ ಹುಡ್ಗಿ ಮಾತೇ ನಿಂತೋಯ್ತು. ಮಧ್ಯಾಹ್ನ ಡಬ್ಬಿ ಒಬ್ಳೇ ತಿನ್ನೋಳು. ಈ ಮೂರನೇ ಸ್ಕೂಲಲ್ಲಿ ಮೊದ್ಲನೇ ದಿನ ಟೀಚರ್ “ಏ ನ್ಯೂ ಅಡ್ಮಿಷನ್, ಎದ್ನಿಲ್ಲು” ಅಂದಿದ್ದೇ ಹೆಸ್ರಾಗ್ಬಿಡ್ತು. ಹುಟ್ದಬ್ಬಕ್ಕೆ ಚಾಕ್ಲೇಟ್ ಹಂಚುದ್ರೆ ಇಡೀ ಕ್ಲಾಸು, “ಥ್ಯಾಂಕ್ಯೂ ನ್ಯೂ ಅಡ್ಮಿಷನ್!” ನಾವು ನಾಮಕರಣ ಮಾಡಿ ಊಟ ಹಾಕ್ಸಿದ್ದೆಲ್ಲಾ ದಂಡ.

ಆಮೇಲ್ ಒಂದಿನ ರಾಯಚೂರ್ ಕಡೆ ಹುಡ್ಗಿ, ಸೆಂಟ್ರಿಂಗ್ ಮೇಸ್ತ್ರಿ ಮಗಳು, ಪಕ್ಕ ಬಂದ್ ಕೂತು “ಏ, ನಿನ್ನ ಖರೇ ಹೆಸ್ರೇನಬೇ?” ಅಂದ್ಲಂತೆ. ಅವತ್ತು ಮನೇಲಿ ಇವಳು ಬಾಯೇ ಮುಚ್ಲಿಲ್ಲ. ಆಗ್ಲಿಂದ ಅವರ ಜೋಳದ್ ರೊಟ್ಟಿ ಇವಳಿಗೆ, ನಮ್ಮ ಚಿತ್ರಾನ್ನ ಅವಳಿಗೆ. ನನ್ನೆಂಡ್ತಿ ಚಿತ್ರಾನ್ನದಿಂದ ತಪ್ಪಿಸ್ಕೊಂಡೋಳು ನಮ್ಮನೇಲಿ ಇವಳೊಬ್ಳೇ.

ಟಿಸಿ

ಇಷ್ಟ್ರಲ್ಲಿ ಮಗ ಬಸ್ ಸ್ಟಾಪಲ್ಲಿ ‘ನೂರಕ್ಕೆ ನೂರು ರಿಸಲ್ಟ್’ ಅಂತ ಬ್ಯಾನರ್ ನೋಡ್ಬಿಟ್ಟ. ಹತ್ತನೇ ಕ್ಲಾಸಿಗೆ ನಾಕನೇ ಸ್ಕೂಲು!

“ತಾತ, ಇನ್ನೊಂದ್ಸಲ ನ್ಯೂ ಅಡ್ಮಿಷನ್ ಆಗೋಕೆ ನನ್ ಕೈಲಾಗಲ್ಲ” ಅಂತ ಅತ್ಲು ಹುಡ್ಗಿ.

“ನಾನಿಲ್ವಾ?” ಅಂದೆ.

ಮಗನಿಗೆ ಶಿಫ್ಟು. ಟಿಸಿ ತಗೊಂಬಾ ಅಂತ ನನ್ನನ್ನೇ ಕಳ್ಸುದ. ಎಂಥಾ ಬುದ್ಧಿವಂತ ನೋಡಿ.

ಹೆಡ್ ಮೇಡಂ ಕೇಳುದ್ರು, “ಸ್ಕೂಲ್ ಬಿಡ್ಸೋಕೆ ಕಾರಣ?”

“ಅವರಪ್ಪ” ಅಂದೆ.

ಮೇಡಂ ನಗು ತಡ್ಕೊಂಡು ಮಗನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕುದ್ರು. “ಸಾರ್, ನಿಮ್ಮ ಮಗಳ ಸ್ಕೂಲಿಂದ ಮಾತಾಡ್ತಿದೀನಿ.”

“ಯಾವ್ದು ಮೇಡಂ? ಹೋದ್ವರ್ಷದ್ದಾ, ಈ ವರ್ಷದ್ದಾ, ಮುಂದಿನ್ವರ್ಷದ್ದಾ?”

ಆಫೀಸಿಗೆ ಆಫೀಸೇ ನಕ್ಬಿಡ್ತು. ಆಯಾ ಕೈಲಿದ್ದ ಟೀ ನನ್ ಪಂಚೆ ಮೇಲೆ. ಆ ನಗು ಮಗನಿಗೂ ಕೇಳುಸ್ತು. “ಮೊದ್ಲು ಮಗಳನ್ನ ಕೇಳಿ ಸಾರ್, ಆಮೇಲೆ ಟಿಸಿ” ಅಂದು ಮೇಡಂ ಫೋನ್ ಇಟ್ರು.

ಸಂಜೆ ಮುಖ ಊದಿಸ್ಕೊಂಡು ಬಂದ. ಹುಟ್ದಾಗ್ಲಿಂದ ಮೊದ್ಲನೇ ಸಲ ಮಗಳನ್ನ ಕೇಳ್ದ: “ಏನಮ್ಮಾ, ಹೊಸ ಸ್ಕೂಲಿಗೆ ಹೋಗ್ತೀಯೋ, ಇಲ್ವೋ?”

“ನ ಗಚ್ಛಾಮಿ!” ಅಂದ್ಲು.

ಕಕ್ಕಾಬಿಕ್ಕಿಯಾಗಿ ನನ್ ಕಡೆ ತಿರುಗ್ದ. “ಏನಪ್ಪಾ ಹಂಗಂದ್ರೆ?”

ನಾಕನೇ ಕ್ಲಾಸ್ ಓದ್ದೋನು ಎದೆ ಉಬ್ಸಿ ಹೇಳ್ದೆ: “ಹೋಗಲ್ಲ ಅಂತ ಕಣೋ. ಹಾಕು, ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು!”