ಇಂಜಿನ್ನಿನ ಮೂಗಿಗೆ ಕೆಂಪು ಬಣ್ಣ

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಇದನ್ನು ಈಗಲೇ ಹೇಳಿಬಿಡುವುದು ವಾಸಿ. ಪೂರ್ತಿ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಮಾಗಡಿಯ ನಮ್ಮ ಚಿಕ್ಕಪ್ಪ ಹರೆಯದಲ್ಲಿ ಚಿಕ್ಕ ಮಾದರಿ ವಿಮಾನ ಹಾರಿಸುತ್ತಿದ್ದರು. ವಿಮಾನ ಯಾವಾಗಲೋ ಮುರಿದುಹೋಗಿ, ಅದರ ಇಂಜಿನ್ ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿ ಐವತ್ತು ವರ್ಷ ಮಲಗಿತ್ತು. ಅಂಗೈ ಮೇಲೆ ಕೂರುವಷ್ಟು ಪುಟ್ಟದು. ಈ ಸಂಕ್ರಾಂತಿಗೆ ಹೋದಾಗ ಅದನ್ನು ನನ್ನ ಕೈಗಿಟ್ಟು, "ಓಡ್ತದೆ. ಹಂಗೇ ಓಡುಸ್ಕೊ. ಜಾಸ್ತಿ ಕೆಣಕ್‌ಬೇಡ ಕಣ್ಲಾ" ಅಂದರು.

ನಿಜವಾಗಿಯೂ ಓಡಿತು! ರಾಮನಗರದ ನಮ್ಮ ಮನೆಯ ಹಿತ್ತಿಲಲ್ಲಿ, ಊಟವಾದ ಮುದುಕರು ಗೊರಕೆ ಹೊಡೆದಂತೆ ಗುರ್ ಗುರ್ ಎಂದು ನೆಮ್ಮದಿಯಾಗಿ ಓಡಿತು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಸದರಿ ಇಂಜಿನ್ನಿನ ಕಾರ್ಯಕ್ಷಮತೆಯನ್ನು ಹೆಚ್ಚಿಸತಕ್ಕದ್ದೆಂದು ತೀರ್ಮಾನಿಸಲಾಯಿತು. ತೀರ್ಮಾನಿಸಿದವನು ನಾನೊಬ್ಬನೇ.

"ಚೆಂದಾಗ್ ಓಡ್ತಾ ಐತಲ್ರೀ, ಯಾಕ್ ಬಿಚ್ಚೀರಿ?" ಎಂದಳು ಹೆಂಡತಿ ಮಂಜುಳ. ಮಾಗಡಿ ಹತ್ತಿರದ ತಿಪ್ಪಸಂದ್ರದ ಕಡೆಯವಳು, ಮಾತು ನೇರ. "ಹೋದ್ಸಲ ಮಿಕ್ಸಿ ಸುಧಾರ್ಸಿದ್ರಿ. ಚಟ್ನಿ ಇನ್ನೂ ಸೂರಲ್ಲೈತೆ."

"ಅದು ಬೇರೆ, ಇದು ಬೇರೆ. ಇದು ವಿಜ್ಞಾನ."

ಹೊಗೆ ಹೋಗುವ ದಾರಿಯನ್ನು ಉಪ್ಪುಕಾಗದದಿಂದ ಉಜ್ಜಿ ನುಣ್ಣಗೆ ಮಾಡಿದೆ. ಒಳಗಿನ ಒತ್ತಡ ಹೆಚ್ಚಿಸುವ ತಿರುಪನ್ನು ಇನ್ನಷ್ಟು ಬಿಗಿದೆ. ಸೀಮೆಎಣ್ಣೆ, ಈಥರ್, ಹರಳೆಣ್ಣೆ ಬೆರೆಸಿದ ಇಂಧನದ ಅಳತೆಯನ್ನೂ ಬದಲಿಸಿದೆ.

"ಹರಳೆಣ್ಣೆ ಕುಡ್ಸಿದ್ರೆ ಅದ್ಕೂ ಭೇದಿ ಆಯ್ತದಾ?" ಎಂದು ಕೇಳಿದಳು ಮಂಜುಳ. ವಿಜ್ಞಾನಿಗಳು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಉಳಿದದ್ದು ರೆಕ್ಕೆ, ಅಂದರೆ ಮುಂದೆ ತಿರುಗುವ ಪ್ರೊಪೆಲ್ಲರ್. ಹಳೆಯದು ಭಾರವಾಗಿತ್ತು. ಚನ್ನಪಟ್ಟಣದ ಫಯಾಜ್ ಭಾಯ್ ನೆನಪಾದರು. ಇಪ್ಪತ್ತೈದು ವರ್ಷದಿಂದ ಲೇತ್ ಮುಂದೆ ಕೂತು, ಅದರಲ್ಲಿ ತಿರುಗುವ ಮರವನ್ನು ಕಡೆದು ಬೊಂಬೆ ಮಾಡುವವರು. ಬುಗುರಿ ನುಣುಪಾಯಿತೋ ಇಲ್ಲವೋ ಎಂದು ಅವರು ಕಣ್ಣಿನಿಂದ ನೋಡುವುದಿಲ್ಲ, ಬೆರಳಿನಿಂದ ನೋಡುತ್ತಾರೆ. ಆ ಬೆರಳುಗಳೇ ಐದು ಜನರ ಊಟ.

"ಸಾರ್, ನಮ್ದು ಆಲೆ ಮರ. ಮೆತ್ತಗೆ ಐತೆ. ಮಕ್ಳು ಆಡೋ ಸಾಮಾನಿಗೆ ಸರಿ. ಇಂಜಿನ್ನಿಗೆ ತಡೀತದಾ?"

"ಹಗುರ ಇದ್ದಷ್ಟೂ ವೇಗ, ಭಾಯ್!" ಎಂದು ಕಾಲು ಗಂಟೆ ಪಾಠ ಮಾಡಿದೆ. ಅವರು ತಲೆಯಾಡಿಸಿದರು. ನನ್ನ ವಿದ್ಯಾರ್ಥಿಗಳೂ ಹೀಗೇ ತಲೆಯಾಡಿಸುತ್ತಾರೆ.

ಭಾನುವಾರ ಬೆಳಿಗ್ಗೆ ಇಂಜಿನ್ ಹಿಡಿದು ಮಂಜುಳಳ ಜೊತೆ ಚನ್ನಪಟ್ಟಣಕ್ಕೆ ಹೊರಟೆ. ದಾರಿಯಲ್ಲಿ ಕೆಂಗಲ್ ಆಂಜನೇಯನಿಗೆ ಕೈಮುಗಿದು ಹೋಗೋಣ ಎಂದಳು. "ಬರುವಾಗ ನೋಡೋಣ" ಎಂದೆ.

ರೆಕ್ಕೆ ಸಿದ್ಧವಾಗಿತ್ತು. ಅದರ ನಡುವೆ ಕೂರಿಸಲು ಬುಗುರಿಯಂಥ ಒಂದು ಮೂಗನ್ನೂ ಫಯಾಜ್ ಭಾಯ್ ಕಡೆದಿಟ್ಟಿದ್ದರು. ಇಂಜಿನ್ ಬಿಗಿಯಲು ಗಟ್ಟಿ ಜಾಗ ಬೇಕಲ್ಲ? ಲೇತ್ ಬೆಂಚೇ ಸರಿ ಎಂದು ಅದರ ತುದಿಗೇ ಬಿಗಿದು, ರೆಕ್ಕೆ, ಮೂಗು ಎರಡನ್ನೂ ಸಿಕ್ಕಿಸಿದೆ.

"ಮೂಗಿಗೆ ಇನ್ನೂ ಬಣ್ಣ ಹಾಕಿಲ್ಲ ಸಾರ್. ಬಣ್ಣ ಇಲ್ದೆ ನಮ್ ಮಾಲು ಹೊರಗೆ ಹೋಗಲ್ಲ."

"ಆಮೇಲೆ ಹಾಕುವಿರಂತೆ. ಹೆದರಬೇಡಿ ಭಾಯ್, ಇದನ್ನೂ ನಿಮ್ಮ ಲೇತ್ ಅಂತಲೇ ತಿಳ್ಕೊಳ್ಳಿ!"

ಈ ಮಾತನ್ನು ಆಡಿದ ನಾಲಿಗೆ ಇನ್ನೂ ನನ್ನ ಬಾಯಲ್ಲೇ ಇದೆ.

ಸ್ಕೂಟರಿನ ಚರ್ಮದ ಗವಸುಗಳನ್ನು ಎರಡೂ ಕೈಗೆ ಹಾಕಿಕೊಂಡೆ. ಫಯಾಜ್ ಭಾಯ್ ಕೈಗೆ ಏನೂ ಇರಲಿಲ್ಲ. ಅದು ಆಗ ನನಗೆ ಕಾಣಲೂ ಇಲ್ಲ. ರೆಕ್ಕೆಯನ್ನು ಬೆರಳಿನಿಂದ ಚಿಮ್ಮಿದೆ. ಏಳನೆಯ ಸಲಕ್ಕೆ ಇಂಜಿನ್ ಎದ್ದಿತು. ಅದು ಗೊರಕೆಯಲ್ಲ, ಕಿರುಚಾಟ! ಕಪಾಟಿನ ಬೊಂಬೆಗಳೆಲ್ಲ ತಲೆ ಅಲ್ಲಾಡಿಸತೊಡಗಿದವು. ನಾನು ಮಂಜುಳಳ ಕಡೆ ಗೆದ್ದವನಂತೆ ನೋಡಿದೆ.

ಅಷ್ಟರಲ್ಲಿ ಫಯಾಜ್ ಭಾಯ್ ತಮ್ಮ ಜಾಗದಲ್ಲಿ ಕೂತರು. ಮುಂದೆ ಅವರದೇ ಬೆಂಚು. ಬೆಂಚಿನ ಮೇಲೆ ಬಣ್ಣವಿಲ್ಲದ ಮರ ಗಿರಗಿರ ತಿರುಗುತ್ತಿದೆ. ಚನ್ನಪಟ್ಟಣದಲ್ಲಿ ಮರ ತಿರುಗುವಾಗಲೇ ಬಣ್ಣ ಹಾಕುವುದು. ಅರಗಿನ ಕೋಲು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಇಪ್ಪತ್ತೈದು ವರ್ಷ ದಿನವಿಡೀ ಮಾಡಿದ ಕೆಲಸಕ್ಕೆ ಯಾರು ಯೋಚನೆ ಮಾಡುತ್ತಾರೆ? ಅವರ ಕೈ ತಾನಾಗಿಯೇ ಕೆಂಪು ಅರಗಿನ ಕೋಲನ್ನು ಎತ್ತಿಕೊಂಡು ಇಂಜಿನ್ನಿನ ಮೂಗಿಗೆ ಒತ್ತಿತು.

ಬಣ್ಣ ಹಿಡಿಯಿತು! ಮೂಗಿನ ತುದಿಯಲ್ಲಿ ಕುಂಕುಮದಂಥ ಒಂದು ಉಂಗುರ ಮೂಡಿತು.

ಇದೇ ಆ ಕ್ಷಣ. ಪಾಠ ಮಾಡುವಾಗ, ಹಲ್ಲುಜ್ಜುವಾಗ, ಸಾರಿಗೆ ಉಪ್ಪು ಸಾಲದೆಂದು ಹೇಳುವಾಗ ಮತ್ತೆ ಮತ್ತೆ ಕಣ್ಣ ಮುಂದೆ ಬರುವ ಕ್ಷಣ. ಆ ಬೆರಳುಗಳಿಗೂ ರೆಕ್ಕೆಗೂ ನಡುವೆ ಎರಡು ಇಂಚು ಜಾಗವಿತ್ತು. ನಾನು "ಕೈ ತೆಗೀರಿ" ಎಂದು ಕೂಗಬೇಕಿತ್ತು. ನಾನು ಅಂದದ್ದು, "ಆಹಾ, ಚೆಂದ!"

"ಭಾಯ್, ಕೈ!" ಎಂದು ಚೀರಿದವಳು ಮಂಜುಳ.

ಅವರು ಬೆಚ್ಚಿ ಕೈ ಎಳೆದುಕೊಂಡರು. ಕೋಲು ಜಾರಿ ರೆಕ್ಕೆಗೆ ಸಿಕ್ಕಿತು. ಫಟಾರ್! ಕೋಲು ಪುಡಿ. ಮೆತ್ತಗಿನ ಮರದ ಹಗುರವಾದ ನನ್ನ ರೆಕ್ಕೆ ಎರಡು ಹೋಳು. ಒಂದು ಹೋಳು ಹೆಂಚು ಒಡೆದು ಆಕಾಶ ಕಂಡಿತು. ಇನ್ನೊಂದು ಫಯಾಜ್ ಭಾಯ್ ಕಿವಿಯ ಪಕ್ಕದಲ್ಲಿ ಹಾದು ಬಾಗಿಲ ಚೌಕಟ್ಟಿಗೆ ನಾಟಿಕೊಂಡಿತು. ರೆಕ್ಕೆ ಕಳೆದುಕೊಂಡ ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಎಲ್ಲಿ ನಿಲ್ಲಬೇಕೆಂಬ ಬುದ್ಧಿ ಅದಕ್ಕಾದರೂ ಇತ್ತು.

ನಾನೆಲ್ಲಿದ್ದೆ? ಮೂಲೆಯ ಮೇಜಿನ ಕೆಳಗೆ. ಯಾವಾಗ ಹೋದೆನೋ ನನಗೇ ತಿಳಿಯದು. ಆ ದಿನ ನಿಜವಾದ ವೇಗ ತೋರಿಸಿದ್ದು ನಾನೊಬ್ಬನೇ.

ಹೊರಬಂದಾಗ ಫಯಾಜ್ ಭಾಯ್ ತಾಯಿ ಒಳಗಿನಿಂದ ಓಡಿಬಂದು ಮಗನ ಎರಡೂ ಕೈ ಹಿಡಿದುಕೊಂಡಿದ್ದರು. ಒಂದೊಂದೇ ಬೆರಳು ಮುಟ್ಟಿ ಎಣಿಸುತ್ತಿದ್ದರು. "ಏಕ್... ದೋ... ತೀನ್..." ಆ ಎಣಿಕೆ ಹತ್ತಕ್ಕೆ ಮುಟ್ಟುವವರೆಗೆ ನಾನೂ ಜೊತೆಗೆ ಎಣಿಸಿದೆ. ಹತ್ತಾದ ಮೇಲೆ ಅವರು ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ನೋಡಿದ್ದು ನನ್ನ ಕೈಗವಸುಗಳನ್ನು.

"ತಪ್ಪು ನಂದೇ ಸಾರ್," ಎಂದರು ಫಯಾಜ್ ಭಾಯ್, ಬಿಳಿಚಿಕೊಂಡು. "ಲೇತ್ ಅಂದ್ಕೊಂಡ್‌ಬುಟ್ಟೆ."

"ನಾನೇ ಹಾಗೆ ಹೇಳಿದ್ದು, ಭಾಯ್" ಎನ್ನಲು ಹೊರಟೆ. ಆದರೆ ಗವಸು ಬಿಚ್ಚಿ ಜೇಬಿಗೆ ತುರುಕಿಕೊಂಡೆ, ಅಷ್ಟೇ.

ಮಾರನೆಯ ದಿನ ಹೆಂಚು ಹಾಕಿಸಿಕೊಟ್ಟು, ಹೇಳಬೇಕಾದದ್ದನ್ನು ಹೇಳಿಬಂದೆ. ಆದರೆ ಭಾನುವಾರ ವಾಪಸು ಬರುವಾಗ ಮಂಜುಳ ಒಂದು ಮಾತೂ ಬೈಯಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ನನಗೆ ಇಷ್ಟು ಭಯವಾದದ್ದು ಅದೇ ಮೊದಲು. ಕೆಂಗಲ್‌ನಲ್ಲಿ ಆಂಜನೇಯನ ಗುಡಿಯ ಮುಂದೆ ನಾನೇ ಗಾಡಿ ನಿಲ್ಲಿಸಿದೆ. "ಈಗ್ಯಾಕೆ? ಅವ್ನು ಆಗ್ಲೇ ಬಂದು ಹೋದ" ಎಂದಳು ಅಷ್ಟೇ.

ಇಂಜಿನ್ ಮತ್ತೆ ಬಿಸ್ಕತ್ತಿನ ಡಬ್ಬಿ ಸೇರಿತು. ತಿರುಪನ್ನು ಚಿಕ್ಕಪ್ಪ ಇಟ್ಟಿದ್ದ ಜಾಗಕ್ಕೇ ತಿರುಗಿಸಿಟ್ಟೆ.

ಮೊನ್ನೆ ಫಯಾಜ್ ಭಾಯ್ ಒಂದು ಪೊಟ್ಟಣ ಕಳಿಸಿದ್ದರು. ಒಳಗೆ ಪುಟ್ಟ ಮರದ ವಿಮಾನ. ಮೂಗಿಗೆ ಥಳಥಳಿಸುವ ಕೆಂಪು. ಬೆರಳಿನಿಂದ ತಿರುಗಿಸಿದರೆ ಮಾತ್ರ ತಿರುಗುವ ದುಂಡನೆಯ ರೆಕ್ಕೆ, ಎಲ್ಲೂ ಚೂಪಿಲ್ಲ. ಕೆಳಗೆ ಅಂಗಡಿಯ ಎಲ್ಲ ಬೊಂಬೆಗಳಿಗೂ ಅಂಟಿಸುವ ಚೀಟಿ: ಮೂರು ವರ್ಷ ಮೇಲ್ಪಟ್ಟವರಿಗೆ.

ಮಂಜುಳ ಅದನ್ನು ಓದಿದಳು, ನನ್ನ ಮುಖ ನೋಡಿದಳು, ವಿಮಾನವನ್ನು ನನ್ನ ಕೈಗೆ ಎಟುಕದಂತೆ ಅಟ್ಟದ ಮೇಲಿಟ್ಟಳು.