ಹಲಗೆಗೆ ಮುಖ, ಜಗತ್ತಿಗೆ ಬೆನ್ನು

ಒರೆಸಿಟ್ಟ ಕರಿಹಲಗೆ. ಅದರ ಎಡ ಅಂಚಿನಲ್ಲಿ ಬೆಳಗಿನ ಬಿಸಿಲಿನ ಓರೆ ಪಟ್ಟಿ; ಆ ಪಟ್ಟಿಯೊಳಗೆ ಇಳಿಯಲೊಲ್ಲದೆ ನಿಂತ ಸೀಮೆಸುಣ್ಣದ ಧೂಳು. ಎದುರಿಗೆ ಸಾಲು ಸಾಲು ಖಾಲಿ ಬೆಂಚುಗಳು, ಯಾರನ್ನೂ ದಿಟ್ಟಿಸದೆ, ತಮ್ಮ ಪಾಡಿಗೆ ತಾವು.

ಇಷ್ಟು ಸಜ್ಜನ ಶ್ರೋತೃಗಳು ಲೋಕದಲ್ಲಿ ಬೇರೆಲ್ಲೂ ಸಿಗರು ಎಂದುಕೊಂಡ ಮೌನಿ. ಗಣಿತದ ಎಂ.ಎಸ್ಸಿ. ಓದುತ್ತಿದ್ದ ಅವನಿಗೆ ಸಹಪಾಠಿಗಳು ಇಟ್ಟ ಹೆಸರದು. ನಾಲ್ಕು ಜನ ಒಟ್ಟಿಗೆ ನೋಡಿದರೆ ಸಾಕು, ಅವನ ನಾಲಿಗೆ ಒದ್ದೆ ಬೆಂಕಿಕಡ್ಡಿ; ಎಷ್ಟು ಗೀರಿದರೂ ಹತ್ತದು. ಇವತ್ತು ಅವನ ಸೆಮಿನಾರು. ಮಾತಾಡದಿದ್ದರೆ ಒಂದು ವರ್ಷ ಹೋದಂತೆಯೇ.

ಬೆಂಚುಗಳು ತುಂಬಿದವು, ಜೊತೆಗೆ ಸಲಹೆಗಳೂ.

"ನಮ್ಮನ್ನೆಲ್ಲ ಎಲೆಕೋಸು ಅನ್ಕೊಂಡ್ಬಿಡು ಕಣೋ," ಎಂದ ರೂಮ್‌ಮೇಟ್.

"ಎಲೆಕೋಸು ನೋಡಿದ್ರೂ ಬೆವರೋ ಆಸಾಮಿ ಇವನು," ಎಂದಳು ಮುಂದಿನ ಬೆಂಚಿನ ಬಾಯಿಬಡುಕಿ. "ಉಸಿರು ಹಿಡಿದು ಹತ್ತರವರೆಗೆ ಎಣಿಸೋ."

ಎಣಿಸಿದ. ಗಣಿತದವನಲ್ಲವೇ, ಹತ್ತಕ್ಕೆ ನಿಲ್ಲಿಸಲು ಮರೆತ. ಮುಖ ಬದನೆಕಾಯಿಯಾಯಿತು. ರೂಮ್‌ಮೇಟ್ ಗಾಬರಿಯಿಂದ ಬೆನ್ನಿಗೆ ಗುದ್ದಿದ. ನೀರು ಕುಡಿಸಲು ಓಡಿಬಂದ ಬಾಯಿಬಡುಕಿ ಅಂಗಿಗೇ ಕುಡಿಸಿದಳು. ಅಷ್ಟರಲ್ಲಿ ಪ್ರೊಫೆಸರರು ಬಂದು ಕೊನೆಯ ಬೆಂಚು ಸೇರಿದರು.

"ಶುರು ಮಾಡಪ್ಪ."

ತೊಯ್ದ ಎದೆಯನ್ನು ಮರೆಮಾಡಲು ಮೌನಿ ಗಿರಕ್ಕನೆ ಹಲಗೆಯತ್ತ ತಿರುಗಿದ.

ಏನಾಶ್ಚರ್ಯ! ಎದುರಿಗೆ ಒಂದೂ ಕಣ್ಣಿಲ್ಲ. ಮಾತು ಹನಿಯಾಗಿ ಬಂತು, ಹೊಳೆಯಾಗಿ ಹರಿಯಿತು. ಪ್ರಮೇಯ ಮೆಟ್ಟಿಲು ಮೆಟ್ಟಿಲಾಗಿ ಏರಿ ಶಿಖರ ಮುಟ್ಟಿತು. ಹುಟ್ಟಿದಂದಿನಿಂದ ಮೊದಲ ಬಾರಿಗೆ ಅವನ ಕತ್ತು ನೆಟ್ಟಗೆ ನಿಂತಿತ್ತು. ಚಪ್ಪಾಳೆಗೆ ಕಿಟಕಿ ಅದುರಿತು.

"ನಮ್ಮ ಹುಡುಗ ಕಣ್ರೋ!" ರೂಮ್‌ಮೇಟ್ ಅರಚಿದ, ತಾನೇ ಹೆತ್ತವನಂತೆ.

ಮೌನಿ ತಿರುಗಿ ನೋಡಿದ. ಪ್ರೊಫೆಸರರು ಹಿಂದಿನ ಗೋಡೆಗೆ ಮುಖಮಾಡಿ ಕೂತಿದ್ದರು.

"ಸರ್, ಬೆನ್ನು ಹಾಕಿದ್ದಕ್ಕೆ ಕೋಪ ಬಂತಾ?"

"ಕೋಪ ಎಲ್ಲಿಂದ ಬಂತು ಮಾರಾಯ! ನೀನೆಲ್ಲಿ ತಿರುಗಿ ನನ್ನನ್ನ ನೋಡ್ಬಿಡ್ತೀಯೋ ಅಂತ ಹೆದರಿ ಹೀಗೆ ಕೂತೆ." ಗೋಡೆಗೇ ಹೇಳಿದರು. "ಜನ ನನ್ನ ನೋಡಿದ್ರೆ ಇವತ್ತಿಗೂ ಕಾಲು ನಡುಗುತ್ತೆ. ಹೇಗೋ ಇಷ್ಟು ವರ್ಷ ತಳ್ಳಿದೆ. ನಿನ್ನ ಮಾತು ಕೇಳಿ ಎದೆ ಉಬ್ಬಿತಪ್ಪ! ಪೂರ್ತಿ ಅಂಕ ತಗೋ."

ಗಂಟೆ ಹೊಡೆಯಿತು. ಮೊದಲ ವರ್ಷದವರು ದಬದಬನೆ ನುಗ್ಗಿ ಸಂದುಗೊಂದಿಗಳಲ್ಲೆಲ್ಲ ತುಂಬಿಕೊಂಡರು.

ಪ್ರೊಫೆಸರರು ನೆಲ ನೋಡುತ್ತಲೇ ಬಂದು ಹಾಜರಿ ಪುಸ್ತಕವನ್ನು ಮೌನಿಯ ಕೈಗಿಟ್ಟರು.

"ನನ್ನ ಈ ಕ್ಲಾಸು ಇನ್ಮೇಲೆ ನಿಂದೇ. ಒಂದೇ ಮಾತು: ಚಿಕ್ಕ ಮಕ್ಕಳು, ಮುಖ ನೋಡ್ಕೊಂಡು ಪಾಠ ಮಾಡು. ಅದೊಂದು ನನ್ನ ಕೈಲಿ ಆಗ್ಲಿಲ್ಲ."

ಹೆಮ್ಮೆಯಿಂದ, ಬಿಡುಗಡೆಯಾದ ಹಕ್ಕಿಯಂತೆ ಅವರು ಹೊರಟರು. ಅವರ ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.